ತೆಳ್ಳನೆಯ ಲ್ಯಾಪ್‌ಟಾಪಿಗೆ ಕಂಬಳಿ ಹಾಸಿದ್ದು

ತೆಳ್ಳಗಿರುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಆಸೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ನನ್ನನ್ನು ಒಮ್ಮೆ ನೋಡಿದವರಿಗೆ ಕಾರಣ ತಾನಾಗಿ ತಿಳಿಯುತ್ತದೆ. ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ನಾನು ಕೂತಿದ್ದರೆ, ಪಕ್ಕದಲ್ಲಿ ಕೂರಲು ಬಂದವರು ಉಳಿದ ಜಾಗ ನೋಡಿ, ನನ್ನನ್ನು ನೋಡಿ, ನಿಂತೇ ಬಸ್ಸು ಕಾಯುತ್ತಾರೆ. ಮನುಷ್ಯ ತಾನು ಆಗಲಾರದ್ದನ್ನು ಕೊಂಡು ತೃಪ್ತಿಪಡುತ್ತಾನೆ. ಹಾಗೆ ನಾನೊಂದು ತೆಳ್ಳನೆಯ ಕೈಗಡಿಯಾರ ಕೊಂಡೆ, ಅದರ ಪಟ್ಟಿ ನನ್ನ ಮಣಿಕಟ್ಟನ್ನು ಸುತ್ತಿ ಬರಲಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಕುರ್ಚಿ ಕೊಂಡೆ, ಅದರ ಕಥೆ ಬೇಡ ಬಿಡಿ. ನನ್ನ ಹೆಂಡತಿ ಮಹಾದೇವಿ ಬಡಿಯುವ ಜೋಳದ ರೊಟ್ಟಿಯನ್ನಂತೂ "ಆಹಾ, ಎಷ್ಟು ತೆಳ್ಳಗಿದೆ" ಎಂದು ಹೊಗಳುತ್ತಾ ಆರು ತಿಂದು ಏಳುತ್ತೇನೆ. "ತೆಳ್ಳಗ ಇರೋದು ರೊಟ್ಟಿರೀ, ನೀವಲ್ಲ" ಎಂದು ಅವಳು ಆರನೆಯ ರೊಟ್ಟಿಗೆ ತಪ್ಪದೆ ನೆನಪಿಸುತ್ತಾಳೆ.

ನನ್ನ ಕಸುಬು ಮದುವೆಗಳ ವಿಡಿಯೋ ಮಾಡುವುದು. ತೆಗೆಯುವುದು ಅರ್ಧ ಕೆಲಸ. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿ, ಮುಖ ಗಂಟಿಕ್ಕಿದ ಬೀಗರನ್ನು ಆದಷ್ಟು ಮರೆಮಾಚುವುದು ಉಳಿದ ಅರ್ಧ. ಈ ಎರಡನೆಯ ಅರ್ಧಕ್ಕೆ ತಾಕತ್ತಿನ ಕಂಪ್ಯೂಟರ್ ಬೇಕು. ಎಂಟು ವರ್ಷ ನನ್ನ ಹತ್ತಿರ ಒಂದು ದಪ್ಪ ಲ್ಯಾಪ್‌ಟಾಪ್ ಇತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ನಾನು ಒಂದೇ ಕಡೆ ವಾಲುತ್ತಿದ್ದೆ. ಒಮ್ಮೆ ಕಂಡಕ್ಟರ್ ಚೀಲ ಸರಿಸಲು ಹೋಗಿ, ಸರಿಸಲಾಗದೆ, "ಇದೇನ್ರೀ, ಮದುವಿ ಮನಿಗಿ ಬೀಸುಕಲ್ಲು ಒಯ್ಯಾಕತ್ತೀರೇನು?" ಎಂದು ಕೇಳಿದ. ಇಡೀ ಬಸ್ಸು ನಕ್ಕಿತು. ಅವತ್ತೇ ಮನಸ್ಸು ಮಾಡಿದೆ, ಇನ್ನು ಸಾಕು ಎಂದು.

ಜಹೀರಾಬಾದಿನ ಅಂಗಡಿಯಲ್ಲಿ ಅದು ಗಾಜಿನೊಳಗೆ ನಿಂತಿತ್ತು. ಗೇಮ್ ಆಡುವವರಿಗಾಗಿ ಮಾಡಿದ ಲ್ಯಾಪ್‌ಟಾಪು, ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ, ಮಡಚಿದರೆ ಶಾಲೆಯ ನಕಾಶೆ ಪುಸ್ತಕದಷ್ಟೇ ದಪ್ಪ. ನನಗೆ ಗೇಮ್ ಬರುವುದಿಲ್ಲ, ಆದರೆ ಗೇಮಿಗೆ ಬೇಕಾದ ತಾಕತ್ತೇ ವಿಡಿಯೋಗೂ ಬೇಕು. ಅಂಗಡಿಯ ಭಾಯಿ ನನಗೆ ಬಹಳ ವರ್ಷದ ಪರಿಚಯ, ಮಾರುವ ಭರದಲ್ಲೂ ಸುಳ್ಳು ಹೇಳದ ಮನುಷ್ಯ. "ನೋಡ್ರಿ ಸಾಬ್, ಮೊದಲೇ ಹೇಳ್ತೀನಿ. ತೆಳ್ಳಗ ಅಂದ್ರ ಒಳಗ ಜಾಗ ಇಲ್ಲ. ಜಾಗ ಇಲ್ಲ ಅಂದ್ರ ಗಾಳಿ ಇಲ್ಲ. ಗಾಳಿ ಇಲ್ಲ ಅಂದ್ರ ಬಿಸಿ. ಬಿಸಿ ಆತು ಅಂದ್ರ ಇದು ತಾನೇ ತನ್ನ ಓಟ ಕಮ್ಮಿ ಮಾಡ್ಕೋತದ, ಜಾನ್ ಉಳಿಸ್ಕೋಬೇಕಲ್ಲ ಪಾಪ. ಅದೇ ಆ ದಪ್ಪಂದು ತಗೊಳ್ರಿ, ಬೇಫಿಕರ್ ಇರ್ತದ" ಎಂದ. ದಪ್ಪನೆಯದರ ಪರವಾಗಿ ಅವನು ಇಷ್ಟು ಹೇಳಿದ್ದು ನನಗೆ ಯಾಕೋ ನನ್ನನ್ನೇ ಸಮಾಧಾನ ಮಾಡಿದಂತೆ ಕೇಳಿಸಿತು. ಹಟಕ್ಕೆ ಬಿದ್ದು ತೆಳ್ಳನೆಯದನ್ನೇ ತಂದೆ.

ಮನೆಗೆ ತಂದು ಚೀಲ ತೂಗಿ ನೋಡಿದಾಗ ಮೊದಲ ಸತ್ಯ ತಿಳಿಯಿತು. ಲ್ಯಾಪ್‌ಟಾಪು ಹಗುರ, ಆದರೆ ಅದರ ಚಾರ್ಜರು ಒಂದು ಇಟ್ಟಿಗೆ. ಅದನ್ನು ಬಿಟ್ಟು ಹೋಗುವ ಹಾಗೂ ಇಲ್ಲ. ಕರೆಂಟಿನ ವಾಸನೆ ಇಲ್ಲದೆ ಇದು ಕೆಲಸ ಮಾಡುವುದು ಒಂದು ಗಂಟೆ, ಅದೂ ಅರೆಮನಸ್ಸಿನಿಂದ. ಎರಡನೆಯದು ಫ್ಯಾನಿನ ಸದ್ದು. ಕೆಲಸ ಜೋರಾದರೆ ಒಳಗಿನ ಎರಡು ಪುಟ್ಟ ಫ್ಯಾನುಗಳು ಎಂಥ ಸದ್ದು ಮಾಡುತ್ತವೆಂದರೆ ಪಕ್ಕದ ಮನೆಯವರು ನಾನು ಹಿಟ್ಟಿನ ಗಿರಣಿ ಹಾಕಿದೆನೆಂದು ಜೋಳ ಹಿಡಿದು ಬಂದಿದ್ದರು. ಬಿಸಿಯ ವಿಷಯ ಮಹಾದೇವಿಯನ್ನು ಕೇಳಬೇಕು. ಅವಳು ಮೊದಲು ಅದರ ಹಿಂದೆ ಬರುವ ಬಿಸಿಗಾಳಿಗೆ ಬೈದಳು, ಆಮೇಲೆ ಮಳೆಗಾಲದ ಒಂದು ದಿನ ನನ್ನ ಒದ್ದೆ ಕಾಲುಚೀಲವನ್ನು ಅಲ್ಲಿ ಒಣಹಾಕಿದಳು. ಇಷ್ಟಾದರೂ ನನಗೆ ಅದರ ಮೇಲೆ ಮುನಿಸು ಬರಲಿಲ್ಲ. ಚಂದ ಇದ್ದವರ ಸಿಟ್ಟನ್ನು ಸಹಿಸಿಕೊಳ್ಳುವ ಅಭ್ಯಾಸ ನನಗೆ ಮದುವೆಯಾದಾಗಿನಿಂದ ಇದೆ. ಅದರ ಹೊಟ್ಟೆಯ ತೂತುಗಳಿಗೆ ಗಾಳಿ ಸಿಗಲಿ ಎಂದು ಗಟ್ಟಿ ನೆಲದ ಮೇಲೆ ಇಟ್ಟು, ಹಿಂದೆ ಎರಡು ಕಡ್ಡಿಪೆಟ್ಟಿಗೆ ಕೊಟ್ಟು ಎತ್ತರಿಸಿ, ಕೂಸನ್ನು ಮಲಗಿಸಿದ ಹಾಗೆ ಸಾಕುತ್ತಿದ್ದೆ.

ಹೀಗಿರುವಾಗ ನಾಗಲಗಿದ್ದದ ಕಡೆಯ ಒಂದು ಹಳ್ಳಿಯ ನಾಗಮ್ಮ ತನ್ನ ಮಗಳು ರೇಣುಕಾಳ ಮದುವೆಯ ವಿಡಿಯೋ ನನಗೆ ಒಪ್ಪಿಸಿದಳು. ಕುರಿ ಸಾಕುವ ಮನೆತನ. ಮದುವೆ ನಡೆದದ್ದು ತಾಂಡೂರಿನಲ್ಲಿ, ಗಂಡಿನವರ ಊರಲ್ಲಿ. ಎಲ್ಲ ಬಂದಿದ್ದರು, ಒಬ್ಬರನ್ನು ಬಿಟ್ಟು: ನಾಗಮ್ಮನ ಮಾವ, ಅಂದರೆ ಹುಡುಗಿಯ ಅಜ್ಜ, ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮಾಳಪ್ಪ ಮುತ್ಯಾ. ಅವರು ಮಂಜೀರಾ ಹೊಳೆಯ ದಂಡೆಯಲ್ಲಿ ಮಂದೆಯ ಜೊತೆ ಇದ್ದರು. ಕುರಿ ಈಯುವ ಹೊತ್ತು, ಜೊತೆಗಿದ್ದವನಿಗೆ ಜ್ವರ. ಬಿಟ್ಟು ಬರುವ ಹಾಗಿರಲಿಲ್ಲ. ಅಕ್ಷತೆ ಬೀಳುವಾಗ ಹುಡುಗಿ ತಲೆ ಎತ್ತಿ ಆ ಕಡೆ ಈ ಕಡೆ ಮುತ್ಯಾನನ್ನು ಹುಡುಕಿದ್ದನ್ನು ಮಂಟಪದಲ್ಲಿ ಎಲ್ಲರೂ ನೋಡಿದ್ದರು. ನನ್ನ ಕ್ಯಾಮೆರಾವೂ ನೋಡಿತ್ತು.

ಒಂದು ಮಧ್ಯಾಹ್ನ ಲ್ಯಾಪ್‌ಟಾಪು ಅದೇ ಮದುವೆಯನ್ನು ಬೇಯಿಸುತ್ತಿತ್ತು. ಜೋಡಿಸಿದ ತುಂಡುಗಳನ್ನೆಲ್ಲ ಒಂದೇ ಫೈಲು ಮಾಡಿ ತೆಗೆಯುವುದಕ್ಕೆ ರೆಂಡರ್ ಎನ್ನುತ್ತೇವೆ. ಬಿಸಿಯಾದಷ್ಟೂ ಅದು ನಿಧಾನ. ಮೊದಲು ಒಂದು ಗಂಟೆ ಎಂದಿತು, ಒಂದು ಗಂಟೆಯ ನಂತರ ಎರಡು ಗಂಟೆ ಎಂದಿತು. ಅಷ್ಟರಲ್ಲಿ ನಾಗಮ್ಮನ ಫೋನು. "ಅಣ್ಣಾರ, ನಮ್ಮ ಮಾವ ಬಂದಾರ್ರಿ. ಔಷಧ ಒಯ್ಯಾಕ ಬಂದವರು. ನಾಕು ಗಂಟಿ ಬಸ್ಸಿಗಿ ಮತ್ತ ಹೊಂಟಾರ. ಮಳಿ ಹಿಡಿಯೋತನಕ ಈ ಕಡಿ ಬರಂಗಿಲ್ಲ. ಮೊಮ್ಮಗಳ ಮದುವಿ ನೋಡಬೇಕು ಅಂತ ಕುಂತಾರ್ರಿ, ಹ್ಯಾಂಗರೆ ಮಾಡ್ರಿ." ನಾನು ರೆಂಡರ್ ನಿಲ್ಲಿಸಿದೆ. ಎಡಿಟಿಂಗಿನಿಂದಲೇ ನೇರವಾಗಿ ತೋರಿಸಿದರಾಯಿತು, ಇದು ಗೇಮಿನ ಲ್ಯಾಪ್‌ಟಾಪು ಅಲ್ಲವೆ ಎಂದು ಗಾಡಿ ಹತ್ತಿದೆ.

ಹೋಗಿ ಮುಟ್ಟಿದಾಗ ಮೂರು ಗಂಟೆ. ಪಡಸಾಲೆಯಲ್ಲಿ ತಾಂಡೂರಿನ ಪರಶಿಕಲ್ಲಿನ ನೆಲ, ತಣ್ಣಗೆ, ಸಪಾಟಾಗಿ. ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲಿಲ್ಲ. ನಾನು ಅದನ್ನು ಇಡಲು ಬಗ್ಗಿದ್ದೇ ತಡ, ಮಾಳಪ್ಪ ಮುತ್ಯಾ "ತಡೀರಿ, ತಡೀರಿ, ಬರೀ ನೆಲದ ಮ್ಯಾಲ ಇಡಬ್ಯಾಡ್ರಿ" ಎಂದು ಎದ್ದರು. ಒಳಗಿನಿಂದ ಹೊಸ ಕರಿ ಕಂಬಳಿ ತಂದು, ನಾಲ್ಕು ಮಡಿಕೆ ಮಾಡಿ ಹಾಸಿ, ಅಂಗೈಯಿಂದ ಸವರಿದರು. ಅವರ ಮನೆಯಲ್ಲಿ ದೇವರು ಕೂರುವುದು ಕಂಬಳಿಯ ಮೇಲೆ, ಬೀಗರು ಕೂರುವುದೂ ಕಂಬಳಿಯ ಮೇಲೆ. ಮೊಮ್ಮಗಳು ಮದುವಣಗಿತ್ತಿಯಾಗಿ ಬರುತ್ತಿರುವಾಗ ಬರಿ ನೆಲವೆ? "ಇದರ ಹೊಟ್ಟೆಗೆ ಗಾಳಿ ಬೇಕು ಮುತ್ಯಾ" ಎನ್ನಬೇಕಿತ್ತು. ಆ ಮುಖ ನೋಡಿ ಬಾಯಿ ಬರಲಿಲ್ಲ. ಉಸಿರಾಡುವ ತೂತುಗಳೆಲ್ಲ ಉಣ್ಣೆಯಲ್ಲಿ ಹುದುಗುವಂತೆ ನನ್ನ ಕೈಯಾರೆ ಅದನ್ನು ಕಂಬಳಿಯ ಮೇಲೆ ಕೂರಿಸಿದೆ.

ಆರಂಭ ಚೆನ್ನಾಗಿಯೇ ಆಯಿತು. ಹಂದರ, ಅರಿಶಿನ, ವಾಲಗ. ಐದನೇ ನಿಮಿಷಕ್ಕೆ ಫ್ಯಾನು ಎದ್ದಿತು, ವಾಲಗ ಕೇಳಿಸದಾಯಿತು. ಎಂಟನೇ ನಿಮಿಷಕ್ಕೆ ಚಿತ್ರ ಕುಂಟತೊಡಗಿತು. ಸರಿಯಾಗಿ ಅಕ್ಷತೆಯ ಹೊತ್ತಿಗೆ ಪೂರಾ ಸುಸ್ತಾಯಿತು. ರೇಣುಕಾ ತಲೆ ಎತ್ತಿದಳು, ನಿಂತಳು. ಕೂದಲೆಳೆಯಷ್ಟು ಈ ಕಡೆ ತಿರುಗಿದಳು, ನಿಂತಳು. ಅಕ್ಷತೆಯ ಕಾಳುಗಳು ಗಾಳಿಯಲ್ಲೇ ಕಾದವು. ನನಗೆ ಬೆವರು ಕಿತ್ತುಕೊಂಡಿತು. ಇಷ್ಟು ವರ್ಷದ ಹೆಸರು ಮಣ್ಣುಪಾಲಾಯಿತಲ್ಲ ಎಂದು ಕೀಲಿ ಒತ್ತುತ್ತಾ, "ಒಂದ್ನಿಮಿಷ ಮುತ್ಯಾ, ಈಗ ಸರಿ ಆಗ್ತದ, ಒಂದೇ ನಿಮಿಷ" ಎಂದು ಬಡಬಡಿಸುತ್ತಿದ್ದೆ. ಮುತ್ಯಾ ಮುಂದಕ್ಕೆ ಬಗ್ಗಿ ಕೂತಿದ್ದರು. ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡುತ್ತಿದ್ದರು. ಸಿಟ್ಟು ಬಂದಿದೆ ಅಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಕೈ ಚಾಚಿ ಲ್ಯಾಪ್‌ಟಾಪಿನ ಪಕ್ಕೆ ಮುಟ್ಟಿದರು. ಕುರಿಯ ಜ್ವರ ನೋಡುವ ಕೈ ಅದು. "ಯಪ್ಪಾ, ಮೈ ಸುಡಾಕತ್ತದಲ್ಲರಿ! ತೇಕಾಕತ್ತದ ಪಾಪ. ಮೈಮ್ಯಾಲ ಮಾಂಸ ಇಲ್ಲ, ಇದರ ಕೈಲೆ ಇಷ್ಟು ಕೆಲಸ ಮಾಡಸ್ತೀರಿ? ಬ್ಯಾಸಿಗ್ಯಾಗ ನಾವು ಕುರಿ ಮೈಯಾಗಿನ ಉಣ್ಣಿ ಕತ್ತರಸ್ತೀವಿ, ಇದಕ್ಕ ನಾನೇ ಕಂಬಳಿ ಹಾಸಿ ಕುಂಡ್ರಿಸೀನಿ ನೋಡು, ಬುದ್ಧಿ ಇಲ್ಲದವ" ಎಂದು ತಮ್ಮನ್ನೇ ಬೈದುಕೊಂಡು ಕಂಬಳಿ ಎಳೆದು ತೆಗೆದರು. ಅಂಗಡಿಯ ಭಾಯಿ ಅರ್ಧ ಗಂಟೆ ವಿವರಿಸಿದ್ದನ್ನು ಮುತ್ಯಾ ಅಂಗೈಯಿಂದ ತಿಳಿದುಕೊಂಡಿದ್ದರು. ಪರಶಿಕಲ್ಲಿನ ತಂಪಿಗೆ ನನ್ನ ತೆಳ್ಳನೆಯ ಪ್ರಾಣಿ ಎರಡು ನಿಮಿಷದಲ್ಲಿ ಚೇತರಿಸಿಕೊಂಡಿತು, ಸದ್ದೂ ಇಳಿಯಿತು. ನಾನು ಎದೆ ಉಬ್ಬಿಸಿ, ಅಕ್ಷತೆಯಿಂದ ಮತ್ತೆ ಹಚ್ಚಿದೆ. ಆಹಾ, ಏನು ಓಟ! ರೇಣುಕಾ ತಲೆ ಎತ್ತಿದಳು, ಹೋದಳು. ಮದುಮಗನ ಮೇಲೆ ಡ್ರೋನು ಹಾರಿತು, ಮೂರು ಸುತ್ತು ಸುತ್ತಿತು, ಹೂವು ಉದುರಿತು. ಎಲ್ಲಿಯೂ ಒಂದು ತಡೆ ಇಲ್ಲ.

"ಹುಡುಗಿ ಎಲ್ಲಿ ಹೋದ್ಲು?" ಎಂದರು ಮುತ್ಯಾ.

"ಬಂದ್ಲಲ್ಲ ಮುತ್ಯಾ, ಈಗ ನೋಡಿದ್ರಿ."

"ಎಲ್ಲಿ ಬಂದ್ಲು? ಆಗ ಭಾಳ ಹೊತ್ತು ಇದ್ಲು. ನನ್ನ ಕಡಿ ತಿರಗಾಕತ್ತಿದ್ಲು. ಮಾರಿ ಪೂರಾ ಕಾಣೂದು ಇನ್ನೊಂದು ಇಷ್ಟೇ ಇತ್ತು" ಎಂದು ಬೆರಳ ತುದಿ ತೋರಿಸಿದರು. ನಾಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕ್ಯಾಮೆರಾ ಆ ಮುಖವನ್ನು ಒಂದು ನಿಮಿಷಕ್ಕೂ ಮೀರಿ ಹಿಡಿದಿತ್ತು. ಹುಡುಗಿಯ ಮೂಗು ಸೋರಿದೆ, ಕಾಡಿಗೆ ಹರಡಿದೆ, ಮೇಲಾಗಿ ಈಗಿನವರಿಗೆ ಉದ್ದ ಬೇಡ, ವಿಡಿಯೋ ತೆಳ್ಳಗಿರಬೇಕು ಎಂದು ಅದನ್ನು ಎರಡು ಸೆಕೆಂಡಿಗೆ ಕತ್ತರಿಸಿದವನು ನಾನೇ. ಈ ಲ್ಯಾಪ್‌ಟಾಪಿನೊಳಗೆ ಜಾಗ ಕಮ್ಮಿ ಎಂದು ಕತ್ತರಿಸಿದ ತುಂಡುಗಳನ್ನಷ್ಟೇ ಇಟ್ಟುಕೊಂಡು, ಪೂರ್ತಿ ಚಿತ್ರವನ್ನು ನಾರಾಯಣಖೇಡದಲ್ಲೇ ದೊಡ್ಡ ಡಿಸ್ಕಿನಲ್ಲಿ ಬಿಟ್ಟು ಬಂದಿದ್ದೆ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ತಂದು ತೋರಿಸುವಷ್ಟರಲ್ಲಿ ಬಸ್ಸು ಊರು ದಾಟಿರುತ್ತದೆ. ತೆಳ್ಳಗೆ ಮಾಡುವ ಹುಚ್ಚಿಗೆ ಏನೇನು ಹೊರಗೆ ಹಾಕುತ್ತಾರೋ ಎಂದು ಆ ಲ್ಯಾಪ್‌ಟಾಪು ಮಾಡಿದವರನ್ನು ವರ್ಷವಿಡೀ ಬೈದಿದ್ದೆ. ನನ್ನಷ್ಟು ಕೆಟ್ಟ ಕೆಲಸ ಅವರೂ ಮಾಡಿರಲಿಲ್ಲ. ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದೆ.

ಮುತ್ಯಾ ಬೈಯಲಿಲ್ಲ. ಲ್ಯಾಪ್‌ಟಾಪನ್ನು ಒಮ್ಮೆ ನೋಡಿದರು, ಪಕ್ಕಕ್ಕೆ ಎಸೆದ ಕಂಬಳಿಯನ್ನು ಒಮ್ಮೆ ನೋಡಿದರು. ಆಮೇಲೆ ಈಗಷ್ಟೇ ಹುಟ್ಟಿದ ಮರಿಯನ್ನು ಎತ್ತುವಂತೆ ಎರಡೂ ಕೈ ಕೊಟ್ಟು ಅದನ್ನು ಎತ್ತಿ ಹಿಡಿದು, "ನಾಗವ್ವಾ, ಕಂಬಳಿ ಹಾಸವಾ. ಪಾಪ, ಇದಕ್ಕ ಇನ್ನೊಂದು ಸ್ವಲ್ಪ ತ್ರಾಸ ಆಗ್ತದ, ಆಗ್ಲಿ" ಎಂದರು. ನಿಧಾನ ಮಾಡುವುದಕ್ಕೆ ಬೇರೆ ಕೀಲಿಯೇ ಇದೆ, ಒತ್ತಿದರೆ ಸಾಕು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಾಗಮ್ಮ ಹಾಸಿಯಾಗಿತ್ತು, ಮುತ್ಯಾ ಅಂಗೈಯಿಂದ ಸವರಿಯೂ ಆಗಿತ್ತು. ತೆರೆದ ಬಾಯಿ ಮುಚ್ಚಿಕೊಂಡು, ಪಕ್ಕದಲ್ಲಿ ನನ್ನ ದಪ್ಪ ಶರೀರವನ್ನು ಇಳಿಸಿ ಕೂತೆ. ಅಕ್ಷತೆಯಿಂದ ಹಚ್ಚಿದೆ. ಇನ್ನೂ ತಂಪಾಗಿದ್ದ ಅದು ಹಾಳಾದ್ದು ಸರಾಗವಾಗಿ ಓಡಿತು. ಹಿಂದಕ್ಕೆ ತಂದು ಮತ್ತೆ ಹಚ್ಚಿದೆ, ಮತ್ತೆ ಓಡಿತು. ಬಸ್ಸಿಗೆ ಇಪ್ಪತ್ತು ನಿಮಿಷ ಉಳಿದಿತ್ತು. ಅದು ಮನೆಗೆ ಬಂದ ದಿನದಿಂದ ಒಂದೇ ಸಮನೆ ಗಾಳಿ ಬೀಸಿದವನು ನಾನು, ಆವತ್ತು ಯಾರಿಗೂ ಕಾಣದಂತೆ ಟವೆಲ್ಲಿನ ತುದಿಯನ್ನು ಅದರ ಹಿಂದಿನ ತೂತುಗಳಿಗೆ ಒತ್ತಿ ಹಿಡಿದು, ಬೇಗ ಬಿಸಿಯಾಗು ನನ್ನಪ್ಪಾ, ಬೇಗ ಬಿಸಿಯಾಗು ಎಂದು ಬೇಡಿಕೊಳ್ಳುತ್ತಾ ಕೂತೆ.