ಟೀಚರಮ್ಮನ ಹನ್ನೊಂದು ಸಸಿ

ಭತ್ತ ನಾಟಿ ಮಾಡಿದವಳ ಕೈಗುಣವನ್ನು ಎಂಟು ದಿನ ಬಿಟ್ಟು ಗದ್ದೆಯೇ ಹೇಳುತ್ತದೆ. ಸಸಿ ಹಸಿರಾದರೆ ಕೈ ಒಳ್ಳೆಯದು, ಹಳದಿಯಾದರೆ ಕೆಟ್ಟದ್ದು. ಮಾಸ್ತರರನ್ನೂ ಹೀಗೇ ಅಳೆಯಬೇಕು ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದವಳು ನಾನೇ. ನಾನೇ ಸಸಿಯಾಗುವ ತನಕ ಅದರಲ್ಲಿ ತಪ್ಪು ಕಾಣಲಿಲ್ಲ.

ಗೊರೇಬಾಳದ ನಮ್ಮ ಓಣಿಯ ಹನ್ನೊಂದು ಮುದುಕಿಯರಿಗೆ ಶಾಂತಾ ಎಂಬ ಹುಡುಗಿ ಮಧ್ಯಾಹ್ನದ ಹೊತ್ತು ಗುಡಿಯಲ್ಲಿ ಅಕ್ಷರ ಕಲಿಸುತ್ತಿದ್ದಳು. ಪಕ್ಕದ ಕಾಲುವೆಯ ನೀರಿನ ಬೆಳಕು ಚಾವಣಿಯ ಮೇಲೆ ಅಲುಗಾಡುತ್ತಿತ್ತು. ಅದನ್ನು ನೋಡುತ್ತಾ ಕೂತರೆ ಪಾಟಿಯ ಮೇಲಿನ ಅಕ್ಷರಗಳೂ ಮೆಲ್ಲಗೆ ತೇಲತೊಡಗುತ್ತಿದ್ದವು. 'ಠ' ಗುಳ್ಳೆಯಂತೆ ಮೇಲೇಳುತ್ತಿತ್ತು, 'ಲ' ಮೀನಿನಂತೆ ಬಾಲ ಬಡಿಯುತ್ತಿತ್ತು. ನಾನು ಅವುಗಳ ಹಿಂದೆಯೇ ಹೋಗಿಬಿಡುತ್ತಿದ್ದೆ. "ಅಮ್ಮಾ, ನಿದ್ದಿ ಬಂತೇನ್ರಿ?" ಎಂದು ಶಾಂತಾ ಕೇಳಿದರೆ, "ಇಲ್ಲವ್ವ, ಓದಾಕತ್ತೀನಿ" ಎನ್ನುತ್ತಿದ್ದೆ. ಪೂರಾ ಸುಳ್ಳಲ್ಲ. ಹೀಗೆ ತೇಲುತ್ತಲೇ ಅಕ್ಷರ ಕೈಗೆ ಹತ್ತಿದವು.

ಪರೀಕ್ಷೆಯ ದಿನ ಸಿಂಧನೂರಿನಿಂದ ಸಾಹೇಬರು ಬಂದರು. ನಾವು ಬರೆದರೆ ಶಾಂತಾಳ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದರು. ಚೀಟಿಯಲ್ಲಿ ಮೂರು ಗೆರೆ: ಹೆಸರು, ಗಂಡನ ಹೆಸರು, ಊರು. ಹನ್ನೊಂದು ಚೀಟಿಯಲ್ಲೂ ನಡುವಿನ ಗೆರೆ ಖಾಲಿ ಉಳಿಯಿತು.

"ಇಷ್ಟೂ ಕಲಿಸಿಲ್ಲೇನವ್ವ ನೀ?" ಎಂದರು ಸಾಹೇಬರು. ಶಾಂತಾಳ ಮುಖ ಸುಣ್ಣವಾಯಿತು.

ಬಾಯಲ್ಲಿ ಹೇಳದ ಹೆಸರನ್ನು ಕೈಯಲ್ಲಿ ಹೇಗೆ ಬರೆಯುವುದು? ನನ್ನವನು ಸತ್ತು ಹನ್ನೆರಡು ವರ್ಷ. ಬದುಕಿದ್ದಾಗ ಅವನನ್ನು ಎಲ್ಲ ಮಾತಿನಿಂದಲೂ ಬೈದಿದ್ದೇನೆ, ಅವನ ಹೆಸರೊಂದನ್ನು ಬಿಟ್ಟು.

"ಸಾಹೇಬ್ರ, ಅಕಿ ಕಲಿಸ್ಯಾಳ್ರಿ. ಚೀಟಿ ಅದಲು ಬದಲು ಮಾಡ್ರಿ. ಗಂಗವ್ವನ ಗಂಡನ ಹೆಸರು ನಾ ಬರೀತೀನಿ, ನನ್ನ ಗಂಡಂದು ಅಕಿ ಬರೀಲಿ" ಎಂದೆ.

"ಕಾಪಿ ಹೊಡದಂಗ ಆಗಂಗಿಲ್ಲೇನಮ್ಮ?"

"ಅಕಿ ಗಂಡನ್ನ ಕಾಪಿ ಹೊಡದು ನಾ ಏನ್ ಮಾಡ್ಲಿರಿ?" ಎಂದಳು ಪಕ್ಕದಲ್ಲಿದ್ದ ಗಂಗವ್ವ.

ಸಾಹೇಬರು ನಕ್ಕುಬಿಟ್ಟರು. ಚೀಟಿ ಬದಲಾದವು, ಗೆರೆ ತುಂಬಿದವು, ಶಾಂತಾ ಉಳಿದಳು.

ಕಾಲುವೆಯ ದಂಡೆ ಹಿಡಿದು ಮನೆಗೆ ಬರುವಾಗ ಅತ್ತೆ ನೆನಪಾದಳು. ಆ ಗೆರೆಯನ್ನು ಖಾಲಿ ಬಿಡಿಸಿದವಳು ಅವಳೇ. ನಾನು ಮದುವೆಯಾಗಿ ಬಂದ ದಿನ, ಗಂಡನ ಹೆಸರು ನನ್ನ ಬಾಯಿಗೆ ಬರುವಷ್ಟರಲ್ಲಿ, ಒಮ್ಮೆ ಕಣ್ಣು ಬಿಟ್ಟು ನೋಡಿದ್ದಳು, ಅಷ್ಟೇ. ಪಾಟಿಯಿಲ್ಲ, ಬಳಪವಿಲ್ಲ. ಐವತ್ತು ವರ್ಷವಾದರೂ ಪಾಠ ಮರೆತಿಲ್ಲ. ಸಾಹೇಬರ ಅಳತೆ ಹಿಡಿದರೆ ಈ ಊರಲ್ಲಿ ಅವಳಂಥ ಮಾಸ್ತರು ಮತ್ತೊಬ್ಬರಿಲ್ಲ. ಅದೇ ಪಾಠವನ್ನು ನಾನು ನನ್ನ ಸೊಸೆಗೆ ಆರು ವರ್ಷದಿಂದ ಹೇಳಿಕೊಡುತ್ತಿದ್ದೇನೆ. ನೀರಿನ ಬೆಳಕನ್ನೇ ನೋಡುತ್ತಾ, ನಾನೂ ಒಬ್ಬ ಮಾಸ್ತರೇ ಎಂದುಕೊಳ್ಳುತ್ತಾ ಬಾಗಿಲಿಗೆ ಬಂದೆ. ಒಳಗೆ ಸೊಸೆ ನನ್ನ ಮಗನನ್ನು ಕರೆಯುತ್ತಿದ್ದಳು, ಓಣಿಗೆಲ್ಲ ಕೇಳುವಂತೆ:

"ಏ ಬಸ್ಯಾ, ನಿಮ್ಮವ್ವ ಬಂದ್ಲು. ಪಾಸಾಗ್ಯಾಳೇನು ಕೇಳು."