ಮಗಳು ಮತ್ತೆ ಅರ್ಜಿ ಹಾಕಿದ್ದು

ನಮ್ಮ ಮನೆಯಲ್ಲಿ ಅಳುವ ಹೊತ್ತಿಗೇ ನಗುವಂಥದ್ದು ಏನಾದರೂ ಆಗುತ್ತದೆ. ಯಾಕೋ ಗೊತ್ತಿಲ್ಲ. ನಾನು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವವನು. ಒಬ್ಬಳೇ ಮಗಳು. ಡಾಕ್ಟರ್ ಆಗಬೇಕು ಅಂತ ನೀಟ್ ಬರೆದಳು, ಸೀಟು ಸಿಗಲಿಲ್ಲ. ಅದೇ ವರ್ಷ ಹೆಂಡತಿ ತೀರಿಹೋದಳು. ಇವು ಆ ದಿನಗಳವು.

೧. ಸೂಜಿ

ಹೆಂಡತಿ ರಾಯಚೂರಿನ ಆಸ್ಪತ್ರೆಯಲ್ಲಿದ್ದಳು. ಹೊಸದಾಗಿ ಬಂದ ಡಾಕ್ಟರೊಬ್ಬರು ಸೂಜಿ ಹಾಕಲು ಬಂದರು. ಮಗಳಿಗೆ ಸೀಟು ಸಿಗದ್ದನ್ನು ಎಲ್ಲರಿಗೂ ಹೇಳುವಂತೆ ಆಕೆ ಅವರಿಗೂ ಹೇಳಿದಳು. ನನಗೂ ಮೂರನೇ ಸಲಕ್ಕೆ ಸಿಕ್ಕಿದ್ದು ಅಂದರು ಅವರು. ಆಕೆಗೆ ಭಾಳ ಸಮಾಧಾನ. ಮೂರು ಸಲ ಓದಿದ ಕೈ, ತಪ್ಪುವುದಿಲ್ಲ ಅಂತ ತೋಳು ಚಾಚಿದಳು. ನರ ಸಿಗಲಿಲ್ಲ. ಇನ್ನೊಮ್ಮೆ ಚುಚ್ಚಿದರು. ಸಿಗಲಿಲ್ಲ. ಮತ್ತೊಮ್ಮೆ ಚುಚ್ಚಿದಾಗ ಸಿಕ್ಕಿತು. ಆಕೆ ಕಣ್ಣು ಒರೆಸಿಕೊಂಡು ಮಗಳ ಕಡೆ ತಿರುಗಿದಳು.

"ನೋಡಿದೇನ್ ಬೇ, ಇವ್ರಿಗೆ ಎಲ್ಲಾ ಮೂರನೇ ಸಲಕ್ಕ ಸಿಗ್ತದ."

೨. ನನ್ನ ಓದು

ಆಕೆ ಹೋಗಿ ಮೂರು ತಿಂಗಳಾಗಿತ್ತು. ಮಗಳ ಎರಡನೇ ಅರ್ಜಿ ತುಂಬಿಸಲು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವನು ತಾಯಿ ಹೆಸರು ಕೇಳಿದ. ತಾಯಿ ಇಲ್ಲ ಅಂದೆ. ಇಲ್ಲದಿದ್ದರೂ ಬರೆಯಬೇಕು, ಬರೆಯದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಅಂದ. ಮಗಳು ಹೆಸರು ಹೇಳಿದಳು.

ಆಮೇಲೆ ತಂದೆಯ ಓದು ಕೇಳಿದ. ನಾಲ್ಕನೇ ಕ್ಲಾಸು ಅಂದೆ. ಫೇಲಾಗಿ ಬಿಟ್ಟಿರೇನು ಅಂದ.

"ಇಲ್ರೀ, ಪಾಸಾಗಿ ಬಿಟ್ಟೆ. ಫೇಲಾಗಿದ್ರ ಇನ್ನೊಂದು ವರ್ಷ ಕುಂದರಸ್ತಿದ್ರು."

೩. ಮೂಗುಬೊಟ್ಟು

ಪರೀಕ್ಷೆ ರಾಯಚೂರಿನಲ್ಲಿ. ಬಂಗಾರ ಬೆಳ್ಳಿ ಏನೂ ಒಳಗೆ ಒಯ್ಯುವಂತಿಲ್ಲ. ಗೇಟಿನ ಮುಂದೆ ಹುಡುಗಿಯರು ಕಿವಿ ಮೂಗಿನದು ಬಿಚ್ಚಿ ಕೊಡುತ್ತಾರೆ. ಅಪ್ಪಂದಿರು ಮುಷ್ಟಿ ಬಿಗಿಹಿಡಿದು ನಿಲ್ಲುತ್ತಾರೆ. ಮಗಳು ಅವ್ವನ ಮೂಗುಬೊಟ್ಟು ಕೊಟ್ಟು ಹೋದಳು. ಅರ್ಧ ತಾಸಿಗೆ ನೋಡಿದರೆ ಕೈಯಲ್ಲಿ ಇಲ್ಲ.

ಮಣ್ಣಲ್ಲಿ ಕೂತು ಹುಡುಕಿದೆ. ಉಳಿದ ಅಪ್ಪಂದಿರೂ ಬಗ್ಗಿದರು. ಒಂದು ಕೈಯಲ್ಲಿ ತಮ್ಮ ಮಗಳ ಓಲೆ, ಇನ್ನೊಂದರಲ್ಲಿ ಮಣ್ಣು. ಪೊಲೀಸಪ್ಪ ಬಂದು, ಮಕ್ಕಳು ಒಳಗೆ ಶಾಂತವಾಗಿ ಬರೆಯುತ್ತಿದ್ದಾರೆ, ನೀವು ಯಾಕೆ ತೆವಳುತ್ತೀರಿ ಅಂತ ಕೇಳಿದ.

ಪರೀಕ್ಷೆ ಮುಗಿದು ಮಗಳು ಹೊರಗೆ ಬಂದಳು. ನನ್ನ ಮುಖ ನೋಡಿದಳು. ಯಪ್ಪಾ, ಟೊಪಿಗಿ ತೆಗಿ ಅಂದಳು. ನಾನು ಬಸ್ಸಿನ ಟಿಕೇಟು ಇಡುವ ಟೊಪಿಗಿಯ ಮಡಿಕೆಯಲ್ಲೇ ಇತ್ತು. ಪೊಲೀಸಪ್ಪ ನಕ್ಕ.

"ಈಕಿ ಡಾಕ್ಟರ್ ಆಗ್ತಾಳ ಬಿಡ್ರಿ. ನೋಡಿದ ಕೂಡ್ಲೇ ಬ್ಯಾನಿ ಎಲ್ಲದ ಅಂತ ಹೇಳಿದ್ಲು."

೪. ರೊಟ್ಟಿ ಗಂಟು

ಪೊಲೀಸಪ್ಪನ ಮಾತು ನಡೆಯಲಿಲ್ಲ. ಎರಡನೇ ಸಲವೂ ಸೀಟು ಇಲ್ಲ. ಮಗಳು ಪುಸ್ತಕಗಳನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಳು. ಮತ್ತೆ ಬರೀತೀಯೇನು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಎಂಟು ದಿನ ಹಂಗೇ ಹೋಯಿತು.

ದೇವದುರ್ಗದ ಕಡೆಯ ಅರಕೇರಾದಿಂದ ನಮ್ಮಕ್ಕ ಬಂದಳು. ಸತ್ತವರ ಮನೆಗೆ ಒಯ್ಯುವಂತೆ ರೊಟ್ಟಿ ಗಂಟು ತಂದಿದ್ದಳು. ಸೆರಗು ಹೊದ್ದು, ಮಗಳನ್ನು ತಬ್ಬಿ ಅತ್ತಳು. ಎಷ್ಟು ಹೊತ್ತಿಗೆ ಆಯಿತು ಅಂದಳು. ಹನ್ನೊಂದಕ್ಕೆ, ಫೋನಿನಲ್ಲಿ ಬಂತು ಅಂದೆ. ಬಾಜೂಕ ಯಾರಿದ್ದರು ಅಂದಳು. ನಾನೇ ಇದ್ದೆ ಅಂದೆ. ನಮ್ಮ ಕೈಯಲ್ಲಿ ಏನದ ಅಂದಳು. ಸಾವಿನ ಮನೆಯಿಂದ ಹೋಗುವವರು 'ಬರ್ತೀನಿ' ಅನ್ನಬಾರದು. ಅಕ್ಕನೂ ಅನ್ನಲಿಲ್ಲ. ಸುಮ್ಮನೆ ಎದ್ದು ಹೊರಟಳು.

ಮಗಳು ಬಾಗಿಲಿಗೆ ಓಡಿದಳು.

"ಅತ್ತಿ, ಬರ್ತೀನಿ ಅಂತ ಹೇಳಿ ಹೋಗು. ಈ ಸಲ ಯಾರೂ ಸತ್ತಿಲ್ಲ. ನಾ ಮತ್ತ ಅರ್ಜಿ ಹಾಕಾಕಿ ಅದೀನಿ."

ನನಗೂ ಆಗಲೇ ಗೊತ್ತಾದದ್ದು. ಅಕ್ಕ ನಿಂತು ನನ್ನನ್ನು ನೋಡಿದಳು, ಮಗಳನ್ನು ನೋಡಿದಳು. ತಿರುಗಿ ಒಳಗೆ ಬಂದು ರೊಟ್ಟಿ ಗಂಟು ಎತ್ತಿ ಬಗಲಿಗೆ ಇಟ್ಟುಕೊಂಡಳು.

"ಮೊದ್ಲ ಹೇಳಬಾರ್ದೇನ್ ಬೇ, ಇಪ್ಪತ್ತು ರೊಟ್ಟಿ ಬಡದೀನಿ. ಬದುಕಿದ್ದವ್ರ ಮನ್ಯಾಗ ಇವನ್ನ ಇಡಬಾರ್ದು. ಒಲಿ ಹಚ್ಚು, ಮಾಡ್ಕೊಂಡು ಉಣ್ಣು. ಬರ್ತೀನಿ."