ಮಾವನವರ ಮನೆಗೆ ಇಂಟರ್ನೆಟ್ ಹಾಕಿದ್ದು

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನನಗೆ ಬರೆದು ರೂಢಿಯಿಲ್ಲ, ಆದ್ದರಿಂದ ಇದನ್ನು ಕೆಡಿಸಿಯೇ ಹೇಳುತ್ತೇನೆ. ಊಟಕ್ಕೆ ಕುಳಿತಾಗ ಇಂಥ ಸಂಗತಿಗಳನ್ನು ಹೇಳಿದರೆ ಮನೆಯವರು ನಗುತ್ತಾರೆ. "ಹಂಗ ಬರೀರಿ, ಅದರಾಗೇನೈತಿ?" ಎಂದು ಹೆಂಡತಿ ನೋಟ್‌ಬುಕ್ಕು ಕೈಗಿಟ್ಟಳು. ಆದರೆ ಊಟಕ್ಕೆ ಕುಳಿತಾಗ ನಾನು ಕೈ ಆಡಿಸಿ ಹೇಳುತ್ತೇನೆ. ಇಲ್ಲಿ ಕೈಗೆ ಬರೆಯುವ ಕೆಲಸ ಬಿದ್ದಿದೆ.

ನನ್ನ ಉದ್ಯೋಗ ಏನೆಂದರೆ, ಮನೆಗಳಿಗೆ ಕಂಪ್ಯೂಟರ್ ಆರಿಸಿ ಕೊಡುವುದು, ಇಂಟರ್ನೆಟ್ ಜೋಡಿಸುವುದು. ಗೋಕಾಕದಲ್ಲಿ ಸಣ್ಣ ಅಂಗಡಿಯಿದೆ. ಹುಕ್ಕೇರಿ, ಮೂಡಲಗಿ ಕಡೆಯವರು ಕರೆದರೆ ಬೈಕಿಗೆ ಏಣಿ ಕಟ್ಟಿಕೊಂಡು ಹೋಗುತ್ತೇನೆ. (ಬೈಕಿಗೆ ಏಣಿ ಕಟ್ಟುವುದು ಹೇಗೆ ಎಂದು ಕೇಳಬೇಡಿ, ಅದೇ ಎರಡು ಪುಟ ಆಗುತ್ತದೆ.) ಈ ಉದ್ಯೋಗದಲ್ಲಿ ನಗುವಂಥದ್ದು ಏನಾದರೊಂದು ವಾರವಾರ ನಡೆಯುತ್ತಲೇ ಇರುತ್ತದೆ. ತೊಂದರೆಯೆಂದರೆ, ನಡೆಯುವಾಗ ನನಗೊಬ್ಬನಿಗೆ ನಗು ಬರುವುದಿಲ್ಲ.

ಇನ್ನೊಂದು ವಿಷಯ ಈಗಲೇ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಮಾವನವರು, ಅಂದರೆ ಹೆಂಡತಿಯ ತಂದೆ, ಮೂಡಲಗಿಯ ಹೊರಗೆ ತೋಟದ ಮನೆಯಲ್ಲಿರುತ್ತಾರೆ. ಹೊಲಗಳಿಗೆ ನೀರಿನ ಪೈಪು ಹಾಕುವುದರಲ್ಲಿ ಆ ಭಾಗದಲ್ಲಿ ಅವರನ್ನು ಮೀರಿಸಿದವರಿಲ್ಲ. ನಮ್ಮ ಮದುವೆಯಾಗಿ ಆರು ವರ್ಷವಾಗಿತ್ತು. ಆದರೂ ಅವರು ನನ್ನ ಕೆಲಸವನ್ನು ಕೆಲಸ ಎಂದಿರಲಿಲ್ಲ. "ಅಳಿಯಂದ್ರು ಏನ ಮಾಡ್ತಾರ್ರಿ?" ಎಂದು ಯಾರಾದರೂ ಕೇಳಿದರೆ, "ಗೋಕಾಕದಾಗ ಇರ್ತಾರ" ಎನ್ನುತ್ತಿದ್ದರು. ಊರಿನ ಹೆಸರು ಹೇಳಿ ಮಾತು ಮುಗಿಸುತ್ತಿದ್ದರು. ಒಂದೇ ಒಂದು ಸಲ ಅವರ ಬಾಯಿಂದ ನನ್ನ ಕೆಲಸದ ಹೆಸರು ಕೇಳಬೇಕೆಂಬುದು ನನ್ನ ಆಸೆ. ಅಷ್ಟು ತಿಳಿದಿದ್ದರೆ ಸಾಕು.

೧. ತೂಕ ನೋಡಿ ತಂದ ಕಂಪ್ಯೂಟರ್

ಗೋಕಾಕದ ಬೆಲ್ಲದ ವ್ಯಾಪಾರಿಯೊಬ್ಬರು ಮನೆಗೆ ಕಂಪ್ಯೂಟರ್ ಬೇಕೆಂದು ಅಂಗಡಿಗೆ ಬಂದರು. ಈಗಿನ ಕಂಪ್ಯೂಟರ್‌ಗಳಲ್ಲಿ ಕೆಲವು ಊಟದ ಡಬ್ಬಿಯಷ್ಟೇ ಇರುತ್ತವೆ. ನಾನು ಅಂಥದೊಂದನ್ನು ತೋರಿಸಿ ಅರ್ಧ ಗಂಟೆ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿದರು. ಆಮೇಲೆ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಮಾಡಿದರು.

"ಭಾಳ ಹಗರ ಐತ್ರಿ ಇದು."

"ಹಗರ ಇದ್ದದ್ದ ಚೊಲೋರಿ. ಹೊಸಾದು."

"ನಾ ನಲವತ್ತ ವರ್ಷ ಬೆಲ್ಲಾ ಮಾರೇನಿ. ಹಗರ ಇದ್ದದ್ದಕ್ಕ ಚೊಲೋ ಅಂದಾವ್ರನ್ನ ಇವತ್ತ ನೋಡಿದೆ."

ಹೀಗೆಂದು ಅಂಗಡಿಯಲ್ಲಿದ್ದ ಒಂದೊಂದೇ ಪೆಟ್ಟಿಗೆ ಎತ್ತುತ್ತ ಹೋದರು. ಕೊನೆಗೆ ಮೂಲೆಯಲ್ಲಿದ್ದ ಒಂದನ್ನು ಎರಡೂ ಕೈ ಹಾಕಿ ಎತ್ತಿ, "ಇದು! ಇದನ್ನ ಕಟ್ರಿ" ಎಂದರು.

ಅದು ಕಂಪ್ಯೂಟರ್ ಅಲ್ಲ, ಯುಪಿಎಸ್. ಅಂದರೆ ಕರೆಂಟ್ ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿಯ ಪೆಟ್ಟಿಗೆ. ಅದನ್ನೂ ವಿವರಿಸಿದೆ.

"ಅಂದ್ರ ಕರೆಂಟ್ ಹೋದ್ರ ಉಳಿದದ್ದೆಲ್ಲಾ ಸಾಯ್ತೈತಿ, ಇದೊಂದ ಬದಕಿರ್ತೈತಿ. ಮತ್ತ ಯಾವುದ ಚೊಲೋ ಅಂತ ನೀವ ಹೇಳ್ರಿ."

ನಾನು ಬಿಲ್ ಪುಸ್ತಕ ತೆಗೆದೆ. ಯುಪಿಎಸ್ ತೆಗೆದುಕೊಂಡರು. ನನ್ನ ಸಮಾಧಾನಕ್ಕೆಂದು ಸಣ್ಣ ಕಂಪ್ಯೂಟರನ್ನೂ ತೆಗೆದುಕೊಂಡರು. ಮುಂದಿನ ವಾರ ಅವರ ಓಣಿಯಲ್ಲಿ ಕರೆಂಟ್ ಹೋದಾಗ ಇವರ ಮನೆಯ ಕಂಪ್ಯೂಟರ್ ಒಂದೇ ನಡೆಯಿತಂತೆ. ತಾವು ತೂಕ ನೋಡಿ ಆರಿಸಿದ್ದಕ್ಕೇ ಹಾಗಾಯಿತೆಂದು ಪೇಟೆಯಲ್ಲೆಲ್ಲ ಹೇಳಿದರು. ಅದೇ ದಿನ ಮಾವನವರು ಪೈಪು ಕೊಳ್ಳಲು ಪೇಟೆಗೆ ಬಂದಿದ್ದರು. ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದು, ನಿಂತುಕೊಂಡೇ ಕೇಳಿದರು:

"ಅಳಿಯಂದ್ರ, ಗಿರಾಕಿ ಆರಿಸಿದ್ದು ನಡದೈತಂತ. ನೀವು ಆರಿಸಿದ್ದು ಯಾವುದ್ರಿ?"

೨. ತಿಜೋರಿಯಲ್ಲಿ ಕುಳಿತ ಇಂಟರ್ನೆಟ್

ಹುಕ್ಕೇರಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಎಲ್ಲರೂ ಬಾಯಾರು ಎನ್ನುತ್ತಾರೆ. ಅವರ ಮನೆಗೆ ಇಂಟರ್ನೆಟ್ ಹಾಕಿ ಬಂದು ಹದಿನೈದು ದಿನವಾಗಿರಲಿಲ್ಲ, ಪಕ್ಕದ ಮನೆಯ ಹೆಣ್ಣುಮಗಳು ನನಗೆ ಫೋನ್ ಮಾಡಿದರು. "ಇಂಟರ್ನೆಟ್ ಬರವಲ್ದು, ಲಗೂನ ಬರ್ರಿ."

"ನಿಮ್ಮ ಮನಿಗೆ ನಾ ಯಾವಾಗ ಹಾಕೀನ್ರಿ?"

"ನಮ್ಮನಿಗೆ ಯಾಕ ಹಾಕ್ತೀರಿ? ಬಾಯಾರದ ಐತೆಲ್ಲ!"

ಹೋದೆ. ಬಾಯಾರ ಮನೆಯಲ್ಲಿ ರೌಟರ್ ಇರಲಿಲ್ಲ. ರೌಟರ್ ಅಂದರೆ ಗೋಡೆಯ ಮೇಲೆ ದೀಪ ಮಿಣುಕಿಸುವ ಸಣ್ಣ ಪೆಟ್ಟಿಗೆ, ಮನೆಯೊಳಗೆ ಇಂಟರ್ನೆಟ್ ಹಂಚುವುದು ಅದೇ. ತಂತಿ ಹಿಡಿದುಕೊಂಡು ಹೋದರೆ ಅದು ಕಬ್ಬಿಣದ ತಿಜೋರಿಯ ಸಂದಿಯೊಳಗೆ ಹೋಗಿತ್ತು. ಬಾಯಾರು ಸೊಂಟದಿಂದ ಕೀಲಿ ತೆಗೆದು ಬಾಗಿಲು ತೆರೆದರು. ಬೆಳ್ಳಿಯ ಆರತಿ ತಟ್ಟೆಯ ಪಕ್ಕದಲ್ಲಿ ರೌಟರ್ ಕುಳಿತಿತ್ತು.

"ಬಾಯಾರ, ಕಬ್ಬಿಣದಾಗ ಇಟ್ರ ಹೊರಗ ಬರೂದಿಲ್ರಿ."

"ಬರಬಾರ್ದಂತನ ಇಟ್ಟೀನಿ ತಮ್ಮಾ. ಕುಂದ್ರು." ನಾನು ಕುಳಿತೆ. ಅವರು ಎದುರು ನಿಂತು ಪಾಠ ಹೇಳುವಂತೆ ಹೇಳಿದರು. "ಬಾಜೂದಾಕಿ ಎಣ್ಣಿಗಾಯಿ ತಂದಕೊಟ್ಲು. ಖಾಲಿ ಬಟ್ಲಾ ಹೆಂಗ ಹೊಳ್ಳಿ ಕೊಡೂದು? ಪಾಸ್‌ವರ್ಡ್ ಹೇಳಿದೆ. ಈಗ ಅವರ ಮನ್ಯಾಗ ಐದ ಮಂದಿ ನೋಡ್ತಾರ, ನನ್ನ ಭಜನಿ ನಡುವ ನಿಂತ ಹೋಗ್ತೈತಿ. ಕೊಟ್ಟದ್ದ ಹಿಂದಕ್ಕ ಬೇಡಿದ್ರ ಮನಸ್ಸ ಮುರೀತೈತಿ. ಕೀಲಿ ಹಾಕಿದ್ರ ಯಾರ ಮನಸ್ಸೂ ಮುರಿಯೂದಿಲ್ಲ."

"ಮತ್ತ ನೀವರೆ ಹೆಂಗ ನೋಡ್ತೀರಿ?"

"ಬಾಗಲಾ ತೆಗೀತೀನಿ, ಭಜನಿ ಕೇಳ್ತೀನಿ, ಹಾಕ್ತೀನಿ."

ಪಾಸ್‌ವರ್ಡ್ ಬದಲಿಸಿಬಿಡುತ್ತೇನೆ ಎಂದೆ. ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಪಕ್ಕದ ಮನೆಯವರಿಗೆ ಮಷಿನ್ ಕೆಟ್ಟಿದೆ ಎಂದು ನಾನೇ ಹೇಳಬೇಕು, ಖರೆ ಸಂಗತಿ ಯಾರಿಗೂ ಹೇಳಬಾರದು. ಹೇಳಿದೆ. ಆ ಹೆಣ್ಣುಮಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ರಿಪೇರಿ ಮಾಡಾಕ ಬರೂದಿಲ್ಲಂದ್ರ ಏಣಿ ಯಾಕ ಹೊತಗೊಂಡ ಬಂದೀರಿ?" ಎಂದರು.

ಅವರು ನಮ್ಮ ಅತ್ತೆಯವರ ಚಿಕ್ಕಮ್ಮನ ಮಗಳು ಎಂದು ನನಗೆ ತಿಳಿದದ್ದು ಸಂಜೆ, ಮಾವನವರ ಫೋನ್ ಬಂದಾಗ.

೩. ಮೂಡಲಗಿಯ ತೋಟದ ಮನೆ

ಇಷ್ಟೆಲ್ಲ ಆದಮೇಲೂ ಮಾವನವರು ತಮ್ಮ ಮನೆಗೆ ಇಂಟರ್ನೆಟ್ ಹಾಕಲು ನನ್ನನ್ನೇ ಕರೆದರು. ಕಾರಣ ನನ್ನ ನಾದಿನಿ, ಹೆಂಡತಿಯ ತಂಗಿ. ಅವಳಿಗೆ ಅರಭಾವಿಯ ತೋಟಗಾರಿಕೆ ಕಾಲೇಜು ಸೇರುವ ಆಸೆ. ಯಾವ ಕಾಲೇಜು ಮೊದಲು ಬೇಕು, ಯಾವುದು ಆಮೇಲೆ ಎಂಬ ಪಟ್ಟಿಯನ್ನು ಇಂಟರ್ನೆಟ್ಟಿನಲ್ಲಿಯೇ ತುಂಬಬೇಕು, ಅದಕ್ಕೊಂದು ಕೊನೆಯ ದಿನ ಇರುತ್ತದೆ. ತೋಟದ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕು.

ನಾನು ಜೀವಮಾನದಲ್ಲಿಯೇ ಅಷ್ಟು ಜಾಗ್ರತೆಯಿಂದ ತಂತಿ ಎಳೆದಿರಲಿಲ್ಲ. ಈ ತಂತಿಯ ಒಳಗೆ ತಾಮ್ರ ಇರುವುದಿಲ್ಲ. ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಬೆಳಕು ಓಡುತ್ತದೆ. ಮುಂದೆ ಎಲ್ಲಾದರೂ ತುಂಡಾದರೆ ಎಳೆದುಕೊಳ್ಳಲು ಇರಲಿ ಎಂದು ಹಿಂದಿನ ಗೋಡೆಯ ಮೇಲೆ ಹತ್ತು ಸುತ್ತು ತಂತಿ ಹೆಚ್ಚಿಗೆ ಸುತ್ತಿಟ್ಟೆ. ಎಲ್ಲರೂ ಹಾಗೇ ಮಾಡುತ್ತೇವೆ.

"ಇದ್ಯಾಕ ಸುತ್ತಿ ಇಟ್ರಿ?" ಮಾವನವರು ಕೇಳಿದರು.

"ಇರ್ಲಿ ಬಿಡ್ರಿ ಮಾವಾರ" ಎಂದೆ. ಎಲ್ಲವನ್ನೂ ವಿವರಿಸುವ ನಾನು ಅದೊಂದನ್ನು ವಿವರಿಸಲಿಲ್ಲ. ಅವತ್ತಿನಿಂದ ಯಾವುದನ್ನೂ ವಿವರಿಸದೆ ಬಿಡುವುದಿಲ್ಲ. ನಿಮಗೆ ಬೇಸರವಾಗಿದ್ದರೆ ಅದಕ್ಕೆ ಕಾರಣ ಇದೇ.

ಪಟ್ಟಿ ತುಂಬುವ ಕೊನೆಯ ದಿನ ಮಧ್ಯಾಹ್ನ ನಾದಿನಿ ಫೋನ್ ಮಾಡಿದಳು. "ಮಾಮಾ, ಕೆಂಪ ದೀಪಾ ಹತ್ತೇತಿ." ಕೆಂಪು ದೀಪ ಅಂದರೆ ಬೆಳಕು ಬರುತ್ತಿಲ್ಲ ಎಂದರ್ಥ. ಏಣಿ ಕಟ್ಟುವಷ್ಟೂ ಪುರಸೊತ್ತಿಲ್ಲದೆ ಓಡಿದೆ. ಪಡಸಾಲೆಯಲ್ಲಿ ಅತ್ತೆಯವರು, ನಾದಿನಿ, ಸಾಲದ್ದಕ್ಕೆ ಹುಕ್ಕೇರಿಯ ಆ ಹೆಣ್ಣುಮಗಳು. ಅವತ್ತೇ ಬಂದಿದ್ದರು.

"ನಾ ಹೇಳಿದ್ನಿಲ್ಲ?" ಎಂದರು ಅವರು, ಚಹಾದ ಬಸಿ ಕೆಳಗಿಡದೆ. "ಬಾಯಾರದೂ ಹಿಂಗ ಆತು. ಇವರ ಕೈ ಹತ್ತಿದ್ದ ಉಳಿಯೂದಿಲ್ಲ."

"ನಾ ಮೂಡಲಗಿಗೆ ಹೋಗಿ ತುಂಬಿ ಬರ್ತೀನ್ರಿ" ಎಂದು ನಾದಿನಿ ಚಪ್ಪಲಿ ಹುಡುಕಿದಳು. ಅವಳ ಕೆಲಸವೇನೋ ಹಾಗೂ ಆಗುತ್ತಿತ್ತು. ಆದರೆ ಅವಳು ಆ ಹೊಸ್ತಿಲು ದಾಟಿದರೆ ನಾನು ಸಾಯುವವರೆಗೂ 'ಗೋಕಾಕದಾಗ ಇರೋ' ಅಳಿಯನೇ.

"ಅರ್ಧಾ ತಾಸ ಕೊಡವ್ವಾ" ಎಂದು ಕಂಬದಿಂದ ಹಿಡಿದು ತಂತಿ ನೋಡುತ್ತ ಬಂದೆ. ಹಿಂದಿನ ಗೋಡೆಯ ಹತ್ತಿರ ಬಂದು ನಿಂತುಬಿಟ್ಟೆ. ಹತ್ತು ಸುತ್ತು ಇರಲಿಲ್ಲ. ಅದರ ಜಾಗದಲ್ಲಿ ಗೇಣುದ್ದದ ಪೈಪಿನ ತುಂಡು. ಎರಡೂ ಕಡೆಯಿಂದ ತಂತಿ ಅದರೊಳಗೆ ಹೋಗಿತ್ತು, ಎರಡೂ ಬಾಯಿಗೆ ಕ್ಲಾಂಪು, ಮೇಲೆ ಕರಿ ಟೇಪು. ಅಂಥ ಅಚ್ಚುಕಟ್ಟಾದ ಜೋಡಣೆಯನ್ನು ನಾನು ಎಲ್ಲಿಯೂ ನೋಡಿಲ್ಲ. ಹೊಲದಲ್ಲಿ ಹಾಕಿದ್ದರೆ ಒಂದು ಹನಿ ಸೋರುತ್ತಿರಲಿಲ್ಲ.

ಹಿಂದೆ ಯಾರೋ ಕೆಮ್ಮಿದರು. ಮಾವನವರು.

"ಪೈಪ್ ಸುತ್ತಿ ಬಿಟ್ರ ಪ್ರೆಶರ್ ಇಳೀತೈತಿ" ಎಂದರು ಮೆಲ್ಲಗೆ. "ನೀವು ಮರತಿರಬೇಕಂತ... ಹೆಚ್ಚಿಂದು ಕತ್ತರಿಸಿದೆ. ಇವತ್ತ ಕೂಸಿಗೆ ಜೋರ ಬರ್ಲಿ ಅಂತ."

ಆರು ವರ್ಷದಲ್ಲಿ ಅವರು ನನ್ನ ಮುಂದೆ ತಲೆ ತಗ್ಗಿಸಿದ್ದು ಅದೇ ಮೊದಲು. ನನಗದು ಸ್ವಲ್ಪವೂ ಸೇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಎಲ್ಲರೂ ಬಂದರು. "ಏನಾಗೈತ್ರಿ?" ಎಂದರು ಅತ್ತೆಯವರು.

ನಾನು ಪೈಪಿನ ತುಂಡನ್ನು ಕಿತ್ತು ಕಿಸೆಗೆ ಹಾಕಿಕೊಂಡಿದ್ದೆ. "ಇಲಿ ಕಡದೈತ್ರಿ" ಎಂದೆ.

"ನಮ್ಮನ್ಯಾಗ ಇಲಿ ಎಲ್ಲಿಂದ ಬಂತು? ಮೂರ ಬೆಕ್ಕ ಅದಾವ!"

"ಐತಿ" ಎಂದರು ಮಾವನವರು, ಗಂಟಲು ಸರಿಮಾಡಿಕೊಂಡು. "ದೊಡ್ಡದು ಐತಿ. ನಾನ ನೋಡೀನಿ."

ಬೈಕಿನಿಂದ ಯಂತ್ರ ತಂದು ಗಾಜಿನ ಎಳೆ ಜೋಡಿಸಿದೆ. ಮಾವನವರು ಇಡೀ ಹೊತ್ತು ಬಾಗಿ ನೋಡುತ್ತ, ನನಗೆ ಬಿಸಿಲು ಬೀಳದಂತೆ ನಿಂತಿದ್ದರು. ಹಸಿರು ದೀಪ ಬಂತು. ನಾದಿನಿ ಎಲ್ಲಕ್ಕಿಂತ ಮೇಲೆ ಅರಭಾವಿ ತುಂಬಿದಳು. ಈಗ ದಿನಾ ಅಲ್ಲಿಗೇ ಬಸ್ಸು ಹತ್ತುತ್ತಾಳೆ. ನಾನು ಹೊರಟಾಗ ಮಾವನವರು ಬೈಕಿನವರೆಗೆ ಬಂದು, ಆಚೆ ಈಚೆ ನೋಡಿ ಹೇಳಿದರು:

"ಆ ಇಲಿ ಇನ್ನಮ್ಯಾಲ ನಿಮ್ಮನ್ನ ಕೇಳದ ಏನೂ ಕಡಿಯೂದಿಲ್ಲ."

ಹೋದ ತಿಂಗಳು ಧುಪದಾಳದ ಮದುವೆಯೊಂದರಲ್ಲಿ ಯಾರೋ ಅವರಿಗೆ ಅದೇ ಹಳೆಯ ಪ್ರಶ್ನೆ ಕೇಳಿದರು. ನಾನು ಪಕ್ಕದ ಪಂಕ್ತಿಯಲ್ಲಿದ್ದೆ. "ನಮ್ಮ ಅಳಿಯಂದ್ರು ಗಾಜಿನ ತಂತಿ ಜೋಡಸ್ತಾರ" ಎಂದರು ಮಾವನವರು. "ಪೈಪಿಗಿಂತ ನಾಜೂಕ ಕೆಲಸಾ." ನಾನು ಬಡಿಸುವವರನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಇದನ್ನು ಬರೆಯಲೇ ಎಂದು ಬಾಯಾರನ್ನೂ ಮಾವನವರನ್ನೂ ಕೇಳಿಯೇ ಬರೆದಿದ್ದೇನೆ. ಇಲಿಯ ಖರೆ ಸಂಗತಿ ಹೆಂಡತಿಗೂ ಗೊತ್ತಿಲ್ಲ. "ಬರೀರಿ, ಇಲಿಗೆ ಹೆಸರ ಇರೂದಿಲ್ಲ" ಎಂದರು ಮಾವನವರು. ಆಮೇಲೆ, ಆ ಜೋಡಣೆ ಹೇಗೆ ಮಾಡುತ್ತೀರಿ ಎಂದು ನನ್ನಿಂದ ಮೂರು ಸಲ ಹೇಳಿಸಿಕೊಂಡರು. ಅವರಿಗೆ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಮೊದಲು ತಂತಿಯ ಮೇಲಿನ ಹೊದಿಕೆ ಸುಲಿಯಬೇಕು. ಆಮೇಲೆ ಗಾಜಿನ ಎಳೆಯನ್ನು ಒರೆಸಿ, ತುದಿಯನ್ನು ನೆಟ್ಟಗೆ ಕತ್ತರಿಸಬೇಕು. ಮುಖ್ಯವಾದ ಮಾತು, ಯಂತ್ರವಿಲ್ಲದೆ ಇದನ್ನು ಮನೆಯಲ್ಲಿ ಯಾರೂ ಮಾಡಲು ಹೋಗಬಾರದು, ಯಾಕೆಂದರೆ ಎರಡು ತುದಿಗಳು ಎದುರುಬದುರು

ಒಂದು ನಿಮಿಷ. ಹೆಂಡತಿ ಕೂಗುತ್ತಿದ್ದಾಳೆ.

"ಏನ್ರೀ, ಅಪ್ಪಾರ ಫೋನ್ ಬಂದೈತಿ. ಮತ್ತ ಕೆಂಪ ದೀಪಾ ಹತ್ತೇತಂತ. ಇಲಿ ಕಡದೈತಂತ. ನೀವು ಹೇಳಿದಂಗ ಸುಲಿದು, ಒರಸಿ, ಎಲ್ಲಾ ಮಾಡಿ ನೋಡೇತಂತ, ಕೂಡವಲ್ದಂತ. ಇಲಿ ಯಾವಾಗಿಂದ ಜೋಡಸಾಕ ಕಲೀತ್ರಿ?"